ಅಕ್ಕ ಸಾಕ್ಷಿ ಹೇಳಿದ ಶನಿವಾರ

ಡ್ರೈವಿಂಗ್ ಶಾಲೆಗೆ ಕಲಿಯಲು ಬಂದವರೆಲ್ಲ ಅವಳನ್ನು ಬೆನ್ನ ಹಿಂದೆ ಬ್ರೇಕಮ್ಮ ಎನ್ನುತ್ತಿದ್ದರು. ಲೈಸೆನ್ಸ್ ಕೈಗೆ ಬಂದ ಮೇಲೆ ಕೆಲವರು ಧೈರ್ಯ ಮಾಡಿ ಎದುರಿಗೇ ಎನ್ನುತ್ತಿದ್ದರು. ಕಲಿಸುವ ಕಾರಿನಲ್ಲಿ ಅವಳು ಕೂರುವ ಕಡೆಯೂ ಒಂದು ಬ್ರೇಕ್ ಇತ್ತು. ಅದರ ಮೇಲಿಂದ ಅವಳ ಕಾಲು ಕದಲಿದ್ದನ್ನು ಕಂಡವರಿಲ್ಲ. ಎದುರಿಗೆ ನಾಯಿ ಬಂದರೂ ಬ್ರೇಕ್, ಬರಬಹುದು ಎನಿಸಿದರೂ ಬ್ರೇಕ್. ಮನೆಯಲ್ಲಿ ಸೋಫಾದ ಮೇಲೆ ಕೂತು ಟಿವಿ ನೋಡುವಾಗಲೂ ಅವಳ ಕಾಲು ಆಗಾಗ ನೆಲವನ್ನು ಒತ್ತುತ್ತಿತ್ತು.

ಸರ್ಕಾರಿ ಮುದ್ರೆಯ ಕಾಗದ ಬಂದಾಗ ಅವಳು ಮೊದಲು ಅಂದುಕೊಂಡದ್ದು, ಯಾವುದೋ ಶಿಷ್ಯ ಸಿಗ್ನಲ್ ಹಾರಿಸಿ ದಂಡ ತನ್ನ ತಲೆಗೆ ಬಂದಿದೆ ಎಂದು. ಒಡೆದು ನೋಡಿದರೆ ಅದು ಆರೋಗ್ಯ ಇಲಾಖೆಯದು, ವಿಷಯವೇ ಬೇರೆ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಕೆಲವರನ್ನು ಆರಿಸಿದ್ದಾರೆ, ಅವರಲ್ಲಿ ಅವಳೂ ಒಬ್ಬಳು. ನಾಲ್ಕು ಶನಿವಾರ ಸಾರ್ವಜನಿಕ ಗ್ರಂಥಾಲಯದ ಮಹಡಿಯಲ್ಲಿ ಕೂತು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಸ್ತನ ಕ್ಯಾನ್ಸರ್ ಪತ್ತೆಗೆ ಐವತ್ತರಿಂದ ಎಪ್ಪತ್ತರ ವಯಸ್ಸಿನ ಹೆಂಗಸರನ್ನು ಇಲಾಖೆ ತಾನಾಗಿ ಕರೆದು ಎಕ್ಸ್‌ರೇ ತೆಗೆಯುತ್ತಿತ್ತು. ಎಪ್ಪತ್ತು ದಾಟಿದವರನ್ನೂ ಹಾಗೆಯೇ ಕರೆಯಬೇಕೇ ಎಂಬುದು ಪ್ರಶ್ನೆ. ವೈದ್ಯರು, ಅಧಿಕಾರಿಗಳು ಬಂದು ವಿವರಿಸುತ್ತಾರೆ. ಆದರೆ ಶಿಫಾರಸು ಜನರದ್ದು.

ಬ್ರೇಕಮ್ಮ ಕಾಗದ ಹಿಡಿದುಕೊಂಡು ನೆಟ್ಟಗೆ ಅಕ್ಕನ ಮನೆಗೆ ಹೋದಳು.

ಅಕ್ಕ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದವಳು. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆಯೇ ಬಡಿದು ಬಡಿದು, ಹೆಚ್ಚು ಮಾತಾಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಎಪ್ಪತ್ತೆರಡರ ವಯಸ್ಸಿನಲ್ಲಿ, ಕರೆ ಬರುವುದು ನಿಂತಿದ್ದರೂ ತಾನೇ ಹೋಗಿ ಕೇಳಿ ಎಕ್ಸ್‌ರೇ ಮಾಡಿಸಿಕೊಂಡಿದ್ದಳು. ಅದರಲ್ಲಿ ಬಟಾಣಿಗಿಂತ ಚಿಕ್ಕದೊಂದು ಗಂಟು ಸಿಕ್ಕಿತು. ಆಪರೇಷನ್ ಆಯಿತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ವಾರಗಟ್ಟಲೆ ವಿಕಿರಣ ಚಿಕಿತ್ಸೆ ನಡೆಯಿತು. ಪ್ರತಿದಿನ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ವಾಪಸು ತಂದುಬಿಟ್ಟವಳು ತಂಗಿ, ಅದೇ ಎರಡು ಬ್ರೇಕಿನ ಕಾರಿನಲ್ಲಿ. ಗ್ರಂಥಿ ತೆಗೆದಿದ್ದರಿಂದ ಅಕ್ಕನ ಎಡಗೈ ಈಗಲೂ ಊದಿಕೊಳ್ಳುತ್ತಿತ್ತು. ಊತ ತಡೆಯಲು ಮೊಣಕೈ ದಾಟುವ ಬಿಗಿ ಗವಸು ತೊಡದೆ ಇರುವಂತಿರಲಿಲ್ಲ. ಆದರೂ ಅಕ್ಕ ಬದುಕಿದಳಲ್ಲ. ಆ ಮೆಷಿನ್ನಿಗೆ ಬ್ರೇಕಮ್ಮ ಮನಸ್ಸಿನಲ್ಲೇ ದಿನವೂ ಕೈ ಮುಗಿಯುತ್ತಿದ್ದಳು. ಶಿಷ್ಯರಿಗೆ ಗೇರು ಹೇಳಿಕೊಡುತ್ತ ಮಧ್ಯೆ ಮಧ್ಯೆ ಇದನ್ನೂ ಹೇಳುತ್ತಿದ್ದಳು. ಕೆಂಪು ದೀಪ ಬಿದ್ದ ಕಡೆಯೆಲ್ಲ ಅಕ್ಕನ ಕತೆ ಮುಂದುವರಿಯುತ್ತಿತ್ತು.

"ಎಲ್ಲರನ್ನೂ ಕರೀಬೇಕು ಅಂತ ಹೇಳ್ತೀನಿ," ಎಂದಳು ಬ್ರೇಕಮ್ಮ. "ಅದರಲ್ಲೇನಿದೆ ನಾಲ್ಕು ಶನಿವಾರ ಕೂತು ಯೋಚಿಸೋಕೆ?"

"ಕೂರು, ಮೊದಲು ಕೇಳು," ಎಂದಳು ಅಕ್ಕ. "ಕೇಸು ಶುರುವಾಗೋಕೆ ಮುಂಚೆ ತೀರ್ಪು ಬರೆಯೋರನ್ನ ನಾನು ಬೇಕಾದಷ್ಟು ನೋಡಿದೀನಿ."

ಮೊದಲ ಶನಿವಾರ ಮಹಡಿಯ ಕೋಣೆಯಲ್ಲಿ ಉದ್ದ ಮೇಜಿನ ಸುತ್ತಲೂ ಮಡಚುವ ಕುರ್ಚಿಗಳನ್ನು ಹಾಕಿದ್ದರು. ಕಿಟಕಿಯ ಪಕ್ಕ ಹಳೆಯ ವೃತ್ತಪತ್ರಿಕೆಗಳ ಕಟ್ಟುಗಳು, ಮೂಲೆಯಲ್ಲಿ ಚಹಾದ ಫ್ಲಾಸ್ಕು, ಯಾರೂ ಮುಟ್ಟದ ಬಿಸ್ಕತ್ತು. ಸಭೆ ನಡೆಸಲು ಬಂದಿದ್ದ ಸಂಚಾಲಕಿ ಚಿಕ್ಕ ವಯಸ್ಸಿನವಳು, ಆದರೆ ಮಾತು ಅಳೆದು ತೂಗಿ ಆಡುವವಳು. ಬ್ರೇಕಮ್ಮನ ಎಡಕ್ಕೆ ಒಬ್ಬ ಪ್ಲಂಬರ್ ಕೂತಿದ್ದ, ಬಲಕ್ಕೆ ನಿವೃತ್ತ ಲೆಕ್ಕದ ಮೇಷ್ಟ್ರು.

"ಹೆಂಗಸರ ವಿಷಯಕ್ಕೆ ನನ್ನನ್ಯಾಕೆ ಕರೆದ್ರೋ ಗೊತ್ತಿಲ್ಲ," ಎಂದ ಪ್ಲಂಬರ್. "ಹೆಂಡತಿ ಕೇಳಿ ಬಿದ್ದು ಬಿದ್ದು ನಕ್ಕಳು. ನಲ್ಲಿ ಬಿಟ್ಟು ಬೇರೆ ವಿಷಯಕ್ಕೆ ನಿಮ್ಮನ್ನ ಯಾರಾದ್ರೂ ಕೇಳ್ತಾರಾ ಅಂದ್ಲು."

"ನನ್ನನ್ನೂ ಯಾರೂ ಏನೂ ಕೇಳಿದವರಲ್ಲ," ಎಂದಳು ಬ್ರೇಕಮ್ಮ. "ಯಾವಾಗ ಪಾಸಾಗ್ತೀನಿ ಅಂತ ಬಿಟ್ಟು."

ಹೇಳಿ ನಕ್ಕಳು, ಮಾತು ಮಾತ್ರ ನಿಜವಾಗಿತ್ತು. ಸರ್ಕಾರ ತನ್ನನ್ನು ಕೂರಿಸಿ, ಚಹಾ ಕೊಟ್ಟು, ನಿಮಗೇನನಿಸುತ್ತದೆ ಎಂದು ಕೇಳುತ್ತಿದೆಯಲ್ಲ ಎಂಬ ಹಿಗ್ಗು ಅವಳಿಗೆ ಆ ದಿನವಿಡೀ ಇತ್ತು. ಆ ಹಿಗ್ಗಿನಲ್ಲೇ ಅವಳು ಕೈ ಎತ್ತಿಬಿಟ್ಟದ್ದು. ಮೂರನೆಯ ಶನಿವಾರ ಈ ಚಿಕಿತ್ಸೆಯನ್ನು ಅನುಭವಿಸಿದವರೊಬ್ಬರನ್ನು ಕರೆಸುತ್ತೇವೆ, ಯಾರಾದರೂ ಗೊತ್ತಿದ್ದರೆ ಹೇಳಿ ಎಂದು ಸಂಚಾಲಕಿ ಕೇಳಿದ್ದಳು. "ನಮ್ಮಕ್ಕ ಬರ್ತಾಳೆ" ಎಂದಳು ಬ್ರೇಕಮ್ಮ. ಅಕ್ಕನನ್ನು ಒಂದು ಮಾತು ಕೇಳಿರಲೂ ಇಲ್ಲ. ಸಂಜೆ ಕೇಳಿದಾಗ ಅಕ್ಕ ಊದಿದ ಕೈಯನ್ನು ಒಮ್ಮೆ ನೋಡಿಕೊಂಡು, "ಆಯ್ತು, ಬರ್ತೀನಿ," ಎಂದಳು.

ಎರಡನೆಯ ಶನಿವಾರ ಬಂದವರು ಎಕ್ಸ್‌ರೇ ಓದುವ ಡಾಕ್ಟರು. ಸಣಕಲು ದೇಹ, ತಗ್ಗಿದ ದನಿ. ಸ್ಲೈಡು ಹಾಕುವ ಮೊದಲು, ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಇದರಿಂದ ಜೀವ ಉಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ, ಅದನ್ನು ಮರೆಯದೆ ಮುಂದಿನದನ್ನು ಕೇಳಿ ಎಂದರು.

ಮುಂದಿನದು ಇಷ್ಟು. ಎಲ್ಲ ಕ್ಯಾನ್ಸರೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕೆಲವು ಓಡುತ್ತವೆ, ಕೆಲವು ತೆವಳುತ್ತವೆ, ಕೆಲವು ನಿಂತೇಬಿಡುತ್ತವೆ. ವಯಸ್ಸಾದ ಹಾಗೆಲ್ಲ ತೆವಳುವಂಥವು ಹೆಚ್ಚಾಗಿ ಸಿಗುತ್ತವೆ. ಅವು ತೊಂದರೆ ಕೊಡುವ ಮೊದಲೇ ಆ ಹೆಂಗಸು ಬೇರೆ ಯಾವುದೋ ಕಾರಣಕ್ಕೆ, ತುಂಬು ಬದುಕು ಮುಗಿಸಿ ಹೋಗಿರುತ್ತಾಳೆ. ಹುಡುಕದಿದ್ದರೆ ತನಗೆ ಹಾಗೊಂದಿತ್ತು ಎಂಬುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಸಿಕ್ಕ ಮೇಲೆ ಯಾವುದು ಓಡುವಂಥದ್ದು, ಯಾವುದು ತೆವಳುವಂಥದ್ದು ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ಹೆಚ್ಚುಕಡಿಮೆ ಎಲ್ಲರಿಗೂ ಚಿಕಿತ್ಸೆ ಕೊಡುತ್ತೇವೆ.

"ಅಂದ್ರೆ ಗೋಡೆ ಒಡೆದು ನೋಡಿದ ಹಾಗೆ," ಎಂದ ಪ್ಲಂಬರ್. "ಹಳೇ ಮನೇಲಿ ಯಾವ ಗೋಡೆ ಒಡೆದರೂ ಪೈಪಿನಲ್ಲಿ ತುಕ್ಕು ಸಿಕ್ಕೇ ಸಿಗುತ್ತೆ. ಎಲ್ಲಾ ಸೋರಲ್ಲ."

"ಕೆಲವು ಸೋರುತ್ತವೆ," ಎಂದರು ಡಾಕ್ಟರು. "ಅದನ್ನ ಬಿಟ್ಟು ಹೇಳಿದರೆ ಅರ್ಧ ಹೇಳಿದ ಹಾಗೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಬೇಡದ ಆಪರೇಷನ್ ಮಾಡಿಸ್ಕೊಂಡು, ಜೀವ ಉಳೀತು ಅಂತ ನಿಮಗೆ ಥ್ಯಾಂಕ್ಸ್ ಹೇಳಿ ಹೋದವರೂ ಇರ್ತಾರೆ ಅಂತಾಯ್ತು."

"ಇರ್ತಾರೆ. ಯಾರು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ."

ಮಧ್ಯಾಹ್ನದ ಊಟದಲ್ಲಿ ಬ್ರೇಕಮ್ಮ ಬ್ರೆಡ್ಡಿನ ಅಂಚು ಹರಿಯುತ್ತ ಕೂತಳೇ ವಿನಾ ತಿನ್ನಲಿಲ್ಲ. ಎಷ್ಟೋ ಸಲ ತಾನು ಬ್ರೇಕ್ ಒತ್ತಿದಾಗ ಕಲಿಯುವವರು, ನಾನೇ ಒತ್ತುವವನಿದ್ದೆ ಮೇಡಂ ಎಂದು ಗೊಣಗುತ್ತಿದ್ದರು. ಒತ್ತುತ್ತಿದ್ದರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಅಲ್ಲಿ ಕಳೆದುಕೊಳ್ಳುವುದೇನೂ ಇರಲಿಲ್ಲ, ಸೀಟಿನಲ್ಲಿ ಒಂದು ಕುಲುಕು ಅಷ್ಟೆ. ಇಲ್ಲಿ ಅಕ್ಕನ ಕೈಯ ಬಲವೇ ಹೋಗಿತ್ತು. ಬೆರಳು ಮಡಚಲಾಗದೆ ಮನೆಯ ಟೈಪ್‌ರೈಟರಿಗೆ ಬಟ್ಟೆ ಹೊದಿಸಿಟ್ಟ ಅಕ್ಕ, ಮುಂದಿನ ಶನಿವಾರ ಇದೇ ಕೋಣೆಗೆ ಬಂದು, ಈ ಮೆಷಿನ್ನು ನನ್ನ ಜೀವ ಉಳಿಸಿತು ಎನ್ನುತ್ತಾಳೆ. ಆಗ ಈ ಮೇಷ್ಟ್ರು ಕನ್ನಡಕ ಒರೆಸಿಕೊಂಡು, ನಿಮ್ಮದೂ ಬೇಡದ್ದೇ ಇರಬಹುದಲ್ಲ ಎಂದು ಕೇಳುತ್ತಾರೆ. ಅಕ್ಕನ ಮುಖ ಹೇಗಾಗಬಹುದು? ಅವಳನ್ನು ಅಲ್ಲಿ ಕೂರಿಸಿದ್ದು ಯಾರು?

ವಾರದ ಮಧ್ಯದಲ್ಲಿ ಅವಳು ಅಕ್ಕನಿಗೆ ಫೋನು ಮಾಡಿದಳು. "ಈ ಶನಿವಾರ ನೀನು ಬರೋದು ಬೇಡ್ವಂತೆ. ಸಾಕ್ಷಿ ಕೇಳೋ ಕಾರ್ಯಕ್ರಮವನ್ನೇ ತೆಗೆದುಬಿಟ್ರು. ಸಮಯ ಸಾಲದಂತೆ."

"ಹೌದಾ," ಎಂದಳು ಅಕ್ಕ.

ಸುಳ್ಳು ಇಷ್ಟು ಸಲೀಸಾಗಿ ದಾಟಿದ್ದಕ್ಕೆ ಬ್ರೇಕಮ್ಮ ನಿಟ್ಟುಸಿರು ಬಿಟ್ಟಳು. ಆದರೆ ಒಂದನ್ನು ಅವಳು ಮರೆತಿದ್ದಳು. ಮಾತು ಅಳೆದು ತೂಗಿ ಆಡುವ ಸಂಚಾಲಕಿ ಕೆಲಸವನ್ನೂ ಹಾಗೆಯೇ ಮಾಡುವವಳು. ಬರುವ ಸಾಕ್ಷಿಗೆ ಹಿಂದಿನ ದಿನ ತಾನೇ ಫೋನು ಮಾಡಿ, ಮೆಟ್ಟಿಲು ಹತ್ತಲು ಆಗುತ್ತದೆಯೇ, ಗಾಡಿ ಕಳಿಸಲೇ ಎಂದು ವಿಚಾರಿಸುವವಳು.

ಮೂರನೆಯ ಶನಿವಾರ ಬ್ರೇಕಮ್ಮ ಮೊದಲೇ ಹೋಗಿ, ಅಕ್ಕನಿಗೆ ಹುಷಾರಿಲ್ಲ ಎಂದು ಹೇಳಲು ಸಂಚಾಲಕಿಯನ್ನು ಹುಡುಕುತ್ತಿದ್ದಳು. ಮೆಟ್ಟಿಲ ಮೇಲೆ ಅಕ್ಕನೇ ಸಿಕ್ಕಳು. ಕೋರ್ಟಿಗೆ ಹೋಗುವಾಗ ಹಾಕುತ್ತಿದ್ದ ಕಪ್ಪು ಕೋಟು, ಅದರ ತೋಳಿನ ಕೆಳಗೆ ಚರ್ಮದ ಬಣ್ಣದ ಬಿಗಿ ಗವಸು. ಒಂದು ಕೈಯಲ್ಲಿ ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ನಿಂತು ಹತ್ತುತ್ತಿದ್ದಳು.

"ಹುಷಾರಾಗಿದೀಯಾ?" ಎಂದಳು ಅಕ್ಕ ತಂಗಿಯನ್ನು ನೋಡಿ. ಅಷ್ಟೇ. ದಾಟಿಕೊಂಡು ಮೇಲೆ ಹೋದಳು.

ಕೋಣೆಯಲ್ಲಿ ಅಕ್ಕ ಸಾಕ್ಷಿಕಟ್ಟೆಯಲ್ಲಿರುವವರ ಹಾಗೆಯೇ ಕೂತಳು: ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಗಂಟು ಎಷ್ಟಿತ್ತು, ಏನೇನು ಮಾಡಿದರು, ಎಷ್ಟು ನೋವಾಯಿತು, ಈಗ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಪಕ್ಕದ ಮನೆಯವರನ್ನು ಕರೆಯುತ್ತೇನೆ ಎಂದಾಗ ಯಾರೋ ನಕ್ಕರು, ಅಕ್ಕನೂ ನಕ್ಕಳು. ಬ್ರೇಕಮ್ಮ ಮಾತ್ರ ಮೇಷ್ಟ್ರ ಕನ್ನಡಕವನ್ನೇ ನೋಡುತ್ತಿದ್ದಳು. ಅದು ಕೆಳಗಿಳಿಯಿತು. ಕರವಸ್ತ್ರ ಹೊರಗೆ ಬಂತು.

"ಒಂದು ಪ್ರಶ್ನೆ ಕೇಳ್ತೀನಿ, ತಪ್ಪು ತಿಳೀಬೇಡಿ ಅಮ್ಮ," ಎಂದರು ಮೇಷ್ಟ್ರು. "ಹೋದ ವಾರ ಡಾಕ್ಟರು ಹೇಳಿದ್ರು, ನಿಮ್ಮ ವಯಸ್ಸಿನಲ್ಲಿ ಸಿಗೋದರಲ್ಲಿ..."

ಬ್ರೇಕಮ್ಮನ ಕಾಲು ತನ್ನಷ್ಟಕ್ಕೆ ತಾನೇ ನೆಲಕ್ಕೆ ಅಪ್ಪಳಿಸಿತು. ನೆಲದ ಬದಲು ಮೇಜಿನ ಕಾಲು ಸಿಕ್ಕಿತು. ಲೋಟಗಳು ಕುಣಿದವು, ಪ್ಲಂಬರನ ಚಹಾ ಅವನ ಷರಟಿನ ಮೇಲಾಯಿತು. ಎಲ್ಲರೂ ಅವಳ ಕಡೆ ತಿರುಗಿದರು.

"ಸಾರಿ," ಎಂದಳು ಬ್ರೇಕಮ್ಮ. "ಅಭ್ಯಾಸ."

"ನೀವು ಕೇಳಿ ಸಾರ್," ಎಂದಳು ಅಕ್ಕ ಮೇಷ್ಟ್ರಿಗೆ. "ಅವಳು ಹಾಗೇನೇ. ಚಿಕ್ಕೋಳಿದ್ದಾಗಲೂ ನಾನು ಜಾರೋ ಮೊದಲೇ ಅವಳು ಕಿರುಚೋಳು."

ಮೇಷ್ಟ್ರು ಪ್ರಶ್ನೆ ಮುಗಿಸಿದರು. ನಿಮ್ಮದು ಹಾಗೇ ಬಿಟ್ಟಿದ್ದರೂ ಏನೂ ಆಗದಿರುವಂಥದ್ದೇ ಇರಬಹುದು ಎಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ?

"ಹೇಳಿದಾರೆ," ಎಂದಳು ಅಕ್ಕ. "ಎಲ್ಲಾ ಮುಗಿದು ಆರು ತಿಂಗಳಾದ ಮೇಲೆ ಸರ್ಜನ್ ಹತ್ರ ಹೋಗಿದ್ದೆ. ನೋಡದೆ ಇದ್ದಿದ್ರೆ ಏನಾಗ್ತಿತ್ತು ಅಂತ ನಾನೇ ಕೇಳಿದೆ. ಆಗಬಹುದಿತ್ತು, ಆಗದೇನೂ ಇರಬಹುದಿತ್ತು, ನನಗೆ ಗೊತ್ತಿಲ್ಲ ಅಂದ್ರು. ಒಳ್ಳೇ ಮನುಷ್ಯ. ಸುಳ್ಳು ಹೇಳ್ಲಿಲ್ಲ."

ಬ್ರೇಕಮ್ಮನಿಗೆ ಕೂತ ಕುರ್ಚಿಯೇ ಹಿಂದಕ್ಕೆ ಸರಿದಂತಾಯಿತು. ಅಕ್ಕನಿಗೆ ಒಂದು ವರ್ಷಕ್ಕೂ ಹಿಂದಿನಿಂದ ಗೊತ್ತಿತ್ತು.

"ಬೇಸರ ಆಗ್ಲಿಲ್ವಾ?" ಕೇಳಿದವನು ಪ್ಲಂಬರ್.

"ಆಯ್ತು. ಕೈ ನೋವು ಬಂದಾಗ ಈಗಲೂ ಆಗುತ್ತೆ. ಆದರೆ ನೋಡಿ, ನನ್ನದು ಓಡುವಂಥದ್ದೇ ಆಗಿದ್ದಿದ್ರೆ ನಾನಿವತ್ತು ಇಲ್ಲಿ ಇರ್ತಿರಲಿಲ್ಲ. ಎರಡರಲ್ಲಿ ಯಾವುದು ಅಂತ ಯಾರಿಗೂ ಗೊತ್ತಿಲ್ಲ ಅಂದ್ಮೇಲೆ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ?" ಅಕ್ಕ ಸಂಚಾಲಕಿಯ ಕಡೆ ತಿರುಗಿದಳು. "ನನ್ನ ತಕರಾರು ಒಂದೇ. ಆ ಮಾತನ್ನ ನನಗೆ ಮುಂಚೆ ಹೇಳ್ಬೇಕಿತ್ತು. ಹೇಳಿದ್ರೂ ನಾನು ಮಾಡಿಸ್ಕೊಳ್ತಿದ್ದೆನೋ ಏನೋ. ಬಹುಶಃ ಮಾಡಿಸ್ಕೊಳ್ತಿದ್ದೆ. ಆದರೆ ಅದು ನಾನು ಮಾಡಿದ್ದಾಗ್ತಿತ್ತು. ಈಗ ಅದು ನನಗೆ ಆದದ್ದು."

ಚಹಾಕ್ಕೆ ಬಿಟ್ಟಾಗ ಬ್ರೇಕಮ್ಮ ಅಕ್ಕನನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಸಿಕ್ಕಸಿಕ್ಕವರ ಹತ್ರ ಎಲ್ಲಾ ಮೆಷಿನ್ನು ನಮ್ಮಕ್ಕನ್ನ ಉಳಿಸ್ತು ಅಂತ ಹೇಳ್ಕೊಂಡು ತಿರುಗ್ತಿದ್ದೆ. ಅಷ್ಟು ಖುಷಿಯಾಗಿದ್ದೆ. ಅದಕ್ಕ್ಯಾಕೆ ಕಲ್ಲು ಹಾಕಲಿ ಅಂತ."

"ನಾನೂ ಅದಕ್ಕೇ ಬರಬೇಡ ಅಂದಿದ್ದು."

"ಗೊತ್ತು," ಎಂದಳು ಅಕ್ಕ. "ಆ ಹುಡುಗಿ ಫೋನ್ ಮಾಡಿದ ತಕ್ಷಣ ಗೊತ್ತಾಯ್ತು. ನೀನು ಸುಳ್ಳು ಹೇಳುವಾಗ ಸಮಯ ಸಾಲದು ಅಂತೀಯ. ಯಾವಾಗಲೂ ಅದೇ." ಊದಿದ ಕೈಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ನೀವಿಕೊಂಡಳು. "ನೋಡು, ನಿನ್ನ ಪಕ್ಕ ಸ್ಟಿಯರಿಂಗ್ ಹಿಡಿದು ಕೂತವರಿಗೆ ಬೇಕಾದಷ್ಟು ಬ್ರೇಕ್ ಹಾಕು. ನನಗೆ ಹಾಕಬೇಡ."

ಬ್ರೇಕಮ್ಮ ತಲೆಯಾಡಿಸಿದಳು. ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡದ್ದರ ಇನ್ನೊಂದು ತುದಿಯನ್ನು ಅಕ್ಕ ಆಗಲೇ ಹಿಡಿದುಕೊಂಡಿದ್ದಳು.

"ಮುಂದಿನ ವಾರ ಯಾವ ಕಡೆ ಕೈ ಎತ್ತಲಿ?" ಎಂದು ಕೇಳಿದಳು.

"ಅದು ನಿನ್ನ ಕೈ. ನನಗೋಸ್ಕರ ಅಂತ ಎತ್ತಬೇಡ, ಅಷ್ಟೆ."

ನಾಲ್ಕನೆಯ ಶನಿವಾರ ಜಗಳವೇನೂ ಆಗಲಿಲ್ಲ ಎಂದರೆ ಸುಳ್ಳಾದೀತು. ತಾಯಿಯನ್ನು ಇದೇ ಕಾಯಿಲೆಯಲ್ಲಿ ಕಳೆದುಕೊಂಡಿದ್ದ ಬೇಕರಿಯವರೊಬ್ಬರು, ಎಲ್ಲರನ್ನೂ ಕರೆಯಲೇಬೇಕು ಎಂದು ಕೊನೆಯವರೆಗೂ ಪಟ್ಟು ಬಿಡಲಿಲ್ಲ. ಅವರ ಮಾತನ್ನು ಯಾರೂ ತಳ್ಳಿಹಾಕಲೂ ಇಲ್ಲ. ಭಿನ್ನಾಭಿಪ್ರಾಯ ಎಂದು ಅವರದೇ ಶಬ್ದಗಳಲ್ಲಿ ಬರೆದುಕೊಂಡರು. ಹೆಚ್ಚಿನವರು ಒಪ್ಪಿದ್ದು ಇದನ್ನು. ಎಪ್ಪತ್ತು ದಾಟಿದವರನ್ನು ಇಲಾಖೆ ತಾನಾಗಿ ಕರೆಯುವುದು ಬೇಡ. ಆದರೆ ಕೇಳಿಕೊಂಡು ಬಂದವರನ್ನು ವಾಪಸು ಕಳಿಸಬಾರದು. ಎಕ್ಸ್‌ರೇ ಕೋಣೆಗೆ ಹೋಗುವ ಮೊದಲು ಯಾರಾದರೊಬ್ಬರು ಅವರ ಎದುರು ಕೂತು, ಲಾಭವನ್ನೂ ನಷ್ಟವನ್ನೂ, ಗೊತ್ತಿಲ್ಲದ್ದನ್ನೂ ಹೇಳಬೇಕು. ಮೊದಲೇ ಹೇಳಬೇಕು, ಆಮೇಲಲ್ಲ ಎಂಬ ಸಾಲನ್ನು ಸೇರಿಸಿ ಎಂದು ಹಟ ಹಿಡಿದವರು ಮೇಷ್ಟ್ರು.

ಕೈ ಎತ್ತಿ ಎಂದಾಗ ಬ್ರೇಕಮ್ಮ ಎತ್ತಿದಳು. ಎಲ್ಲರನ್ನೂ ಕರೆಯಿರಿ ಎಂದು ಹೇಳಲು ಬಂದವಳು ಅವಳೇ. ಬೇಕರಿಯವರ ಕಡೆ ನೋಡಲು ಸಂಕೋಚವಾಯಿತು. ಸಭೆ ಮುಗಿದ ಮೇಲೆ ಅವರೇ ಬಂದು, "ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳಿ," ಎಂದರು. ಹೊರಗೆ ವರಾಂಡದಲ್ಲಿ, ತೀರ್ಮಾನ ಕೇಳಲು ಬಂದಿದ್ದ ಎಕ್ಸ್‌ರೇ ಡಾಕ್ಟರು ಛತ್ರಿ ಹುಡುಕುತ್ತಿದ್ದರು. ಬ್ರೇಕಮ್ಮ ಹತ್ತಿರ ಹೋದಳು.

"ಡಾಕ್ಟ್ರೇ, ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು."

"ಯಾತಕ್ಕೆ? ನಾನು ಹೆಚ್ಚಾಗಿ ಗೊತ್ತಿಲ್ಲ ಅಂತಲೇ ಹೇಳಿದ್ದು."

"ಅದಕ್ಕೇ," ಎಂದಳು ಬ್ರೇಕಮ್ಮ. ಮೂಲೆಯಲ್ಲಿ ಬಿದ್ದಿದ್ದ ಛತ್ರಿಯನ್ನು ಎತ್ತಿಕೊಟ್ಟಳು.

ಶಿಫಾರಸನ್ನು ಇಲಾಖೆ ತಕ್ಷಣ ಒಪ್ಪಲಿಲ್ಲ. ಸಿಬ್ಬಂದಿ ಎಲ್ಲಿಂದ ತರುವುದು ಎಂಬ ಮಾತು ತಿಂಗಳುಗಟ್ಟಲೆ ಎಳೆದಾಡಿತು. ಕೊನೆಗೆ ಆಸ್ಪತ್ರೆಯ ಒಬ್ಬ ನರ್ಸ್ ಜೊತೆಗೆ, ತರಬೇತಿ ಪಡೆದ ಸ್ವಯಂಸೇವಕರು ಕೂರಬಹುದು ಎಂದಾಯಿತು. ಅದಕ್ಕೆ ಮೊದಲು ಹೆಸರು ಕೊಟ್ಟವರಲ್ಲಿ ಅಕ್ಕನೂ ಇದ್ದಳು. ತರಬೇತಿಯಲ್ಲಿ ಅವಳ ಮೇಲೆ ಬಂದ ಒಂದೇ ದೂರು, ಪ್ರಶ್ನೆ ಪೂರ್ತಿ ಮುಗಿಯುವವರೆಗೆ ಬಾಯಿ ತೆರೆಯುವುದಿಲ್ಲ, ಬಂದವರು ಕಾಯಬೇಕಾಗುತ್ತದೆ ಎಂಬುದು.

ಮಂಗಳವಾರ ಬೆಳಿಗ್ಗೆ ಅವಳ ಸರದಿ. ತಂಗಿ ಕರೆದುಕೊಂಡು ಹೋಗಿ ಬಿಡುತ್ತಾಳೆ, ಮುಗಿಯುವವರೆಗೆ ಹೊರಗೆ ಕಾಯುತ್ತಾಳೆ. ಕೋಣೆಯೊಳಗೆ ಮೂರು ಕುರ್ಚಿ, ಒಂದು ಸಣ್ಣ ಮೇಜು, ಅರ್ಧ ಗಾಜಿನ ಬಾಗಿಲು. ಮೊದಲ ಮಂಗಳವಾರ ಇಬ್ಬರು ಬಂದಿದ್ದರು. ಗಾಜಿನಾಚೆ ಅಕ್ಕನ ತುಟಿ ಅಲ್ಲಾಡುವುದು, ನಿಲ್ಲುವುದು, ಎದುರಿಗಿದ್ದವರು ಏನೋ ಕೇಳುವುದು, ಅಕ್ಕ ತಲೆ ತೂಗುವುದು ಬ್ರೇಕಮ್ಮನಿಗೆ ಕಾಣುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಬೇಕು ಎನಿಸಿತು. ಹೋಗಲಿಲ್ಲ.

ಮೊದಲನೆಯವರು ಹೊರಬಂದು ಎಕ್ಸ್‌ರೇ ಕೋಣೆಯ ಕಡೆ ತಿರುಗಿದರು. ಎರಡನೆಯವರು ಗೇಟಿನ ಕಡೆ ನಡೆದರು.

ಕಾರು ರಸ್ತೆಗಿಳಿದ ಮೇಲೆ ಅಕ್ಕ ಹೇಳಿದಳು: "ಇಬ್ಬರೂ ಥ್ಯಾಂಕ್ಸ್ ಅಂದ್ರು ಕಣೇ. ಒಬ್ರು ಮಾಡಿಸ್ಕೊಳ್ತೀನಿ ಅಂತ ಹೇಳಿ, ಇನ್ನೊಬ್ರು ಬೇಡ ಅಂತ ಹೇಳಿ."

"ಯಾರದು ಸರಿ?"

"ನನಗೇನು ಗೊತ್ತು," ಎಂದಳು ಅಕ್ಕ. ಕಿಟಕಿ ಇಳಿಸಿ, ಬಿಸಿಲು ಬೀಳುವ ಹಾಗೆ ಎಡಗೈಯನ್ನು ಅದರ ಅಂಚಿಗೆ ಒರಗಿಸಿದಳು. "ಆದರೆ ಇಬ್ಬರೂ ಮೊದಲೇ ಎಲ್ಲಾ ಕೇಳ್ಕೊಂಡು ಹೋದ್ರು."